ಮಾಳಿಗೆ ಏರಿದ ಕೋಟೆ

ಸವದತ್ತಿ ಸೀಮೆಯ ನಮ್ಮೂರ ಕೋಟೆಯನ್ನು ರಟ್ಟರು ಕಟ್ಟಿಸಿದರೆಂದು ಮಾವ ಹೇಳುತ್ತಿದ್ದರು. ಅಲ್ಲ, ಆದಿಲ್‌ಶಾಹಿಯವರೆಂದು ಭಾವನವರ ವಾದ. ನನಗೆ ಅದರ ಗೊಡವೆ ಇರಲಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಕಲ್ಲೆಲ್ಲ ಗೌಡರ ವಾಡೆಗೂ ಬಾವಿಗೂ ಹೋಗಿ, ಉದ್ದನೆಯ ಮಣ್ಣಿನ ಗೋಡೆ ಉಳಿದಿತ್ತು. ಸಂಜೆ ಬಿಸಿಲಿನಲ್ಲಿ ಅದರ ಮೇಲೆ ಆಡುಗಳು ನಿಂತರೆ ಯಾವುದೋ ಕಾಲದ ಕಾವಲಿನವರು ಕಂಡಂತಾಗುತ್ತಿತ್ತು.

ಅಗಸೆ ಬಾಗಿಲಿದ್ದ ಕಡೆ ಗೋಡೆಯಲ್ಲಿ ಒಂದು ದೀಪದ ಗೂಡು ಇತ್ತು. ನಮ್ಮ ಮನೆಯವರು ಒಂದು ಕಾಲಕ್ಕೆ ಆ ಬಾಗಿಲು ಕಾಯ್ದವರಂತೆ. ರಾಜರು ಹೋದರು, ಬಾಗಿಲೂ ಹೋಯಿತು. ದೀಪ ಹಚ್ಚುವ ಕೆಲಸ ಅತ್ತೆಗೆ ಉಳಿಯಿತು. ದಿನಾ ಸಂಜೆ ಎಣ್ಣೆಗಿಂಡಿ ಹಿಡಿದು ಹೋಗುತ್ತಿದ್ದರು. ನನ್ನನ್ನು ಒಂದು ದಿನವೂ ಕರೆಯುತ್ತಿರಲಿಲ್ಲ. ಅದು ನನಗೆ ಚುಚ್ಚುತ್ತಿತ್ತು.

ಪ್ಲೇಗಿಗೆ ಹೆದರಿ ಹೊಲದ ಗುಡಿಸಲು ಸೇರಿದ್ದ ಊರು ಮರಳಿ ಬಂದ ವರ್ಷ, ಎಲ್ಲರ ಮನೆಯ ಮೇಲಿನ ಮಣ್ಣಿನ ಮಾಳಿಗೆಯೂ ಬಿರುಕು ಬಿಟ್ಟಿತ್ತು. ಮಳೆಗೆ ಮುಂಚೆ ಕೋಟೆಯ ಬಿಳಿ ಮಣ್ಣನ್ನು ಮಾಳಿಗೆಯ ಮೇಲೆ ಹಾಸಿ ಬಡಿಯುವುದು ರೂಢಿ, ನೀರು ಇಳಿಯುವುದಿಲ್ಲ. ಊರಿನವರು ಗೋಡೆಯ ನೆತ್ತಿಯಿಂದ ಕೆದರುತ್ತಿದ್ದರು. ನಾನು ಸಂಪಗಾಂವದವಳು, ತವರಿನಲ್ಲಿ ಹಳ್ಳದ ದಂಡೆಯ ಮಣ್ಣನ್ನು ಬುಡದಿಂದ ತೆಗೆದೇ ಅಭ್ಯಾಸ. ಮೇಲೆ ಹತ್ತಿ ಬಿಸಿಲು ಯಾರು ತಿನ್ನಬೇಕೆಂದು, ಗೂಡಿನ ಕೆಳಗೇ ನೆರಳಿನಲ್ಲಿ ಬುಟ್ಟಿಗಟ್ಟಲೆ ಅಗೆದೆ. ಮೂರನೆಯ ದಿನ ಗೋಡೆ ಗೂಡಿನ ಸಮೇತ ಕುಸಿದು ಕೂತಿತು.

ಅತ್ತೆ ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಮಣ್ಣು ಕೆದಕಿ, ಗೂಡಿನ ದೀಪದ ಎಣ್ಣೆ ಕುಡಿದು ಕಪ್ಪಾದ ಒಂದು ಹೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಆ ಸಂಜೆ ಎಣ್ಣೆಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಯಲ್ಲೇ ಕೂತಿದ್ದರು. ನಾಚಿಕೆಯಿಂದ ನಾನು ರೊಟ್ಟಿಯನ್ನು ಬುಟ್ಟಿಗೆ ಮರಳಿ ಇಟ್ಟೆ.

ಮರುದಿನ ಗಂಡಸರು ಕುಸಿದ ಮಣ್ಣನ್ನು ನಮ್ಮ ಮಾಳಿಗೆಗೇ ಏರಿಸಿ ಬಡಿದರು. ಹೊತ್ತು ಮುಳುಗುವಾಗ ಅತ್ತೆ ಮೇಲಿನಿಂದ ಕೂಗಿದರು.

“ಪಣತಿ ತಗೊಂಡು ಬಾ ಇಲ್ಲೆ.”

ಹಣತೆ ಹಿಡಿದು ನಿಚ್ಚಣಿಕೆ ಹತ್ತಿದೆ. ಹಸಿ ಮಣ್ಣಿನ ನಡುವೆ ಆ ಕರಿ ಹೆಂಟೆಯನ್ನು ಒತ್ತಿ ಕೂರಿಸಿದ್ದರು. ಸುತ್ತ ಊರಿನ ಮಾಳಿಗೆಗಳೆಲ್ಲ ಒಂದಕ್ಕೊಂದು ತಾಗಿಕೊಂಡು, ಅದೇ ಬಿಳಿ ಮಣ್ಣು ಹೊದ್ದು ಮಲಗಿದ್ದವು. ಕೋಟೆ ಎಲ್ಲಿಗೂ ಹೋಗಿಲ್ಲ, ಅದರ ಕೆಳಗೇ ನಾವು ಉಂಡು ಮಲಗುತ್ತಿದ್ದೇವೆ ಎಂದು ನನಗೆ ಆಗ ಹೊಳೆಯಿತು.

“ಹಚ್ಚು,” ಅಂದರು ಅತ್ತೆ.

“ನಾ ಹ್ಯಾಂಗ ಹಚ್ಚಲಿರಿ ಅತ್ತಿ? ಕೆಡವಿದಾಕಿ ನಾನ ರೀ.”

“ಅದಕ್ಕ ನೀನ ಹಚ್ಚಬೇಕು. ಇನ್ನ ಮ್ಯಾಲೆ ಇದು ನಿನ್ನ ಕೆಲಸ.”

ನಾನು ಹಚ್ಚಿದ ದೀಪ ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ ಅತ್ತೆ ಸೆರಗನ್ನು ಮರೆ ಹಿಡಿದರು.