ಮುಸ್ಸಂಜೆಯಲ್ಲಿ ‘ನೋ’ ಅನ್ನದ ದೊಡ್ಡಮ್ಮ

“ಯೆಸ್ ಒತ್ತಬೇಡಿ ದೊಡ್ಡಮ್ಮಾ!” ಎಂದು ನಾನು ಕೂಗುವಷ್ಟರಲ್ಲಿ ಒತ್ತಿಯೇಬಿಟ್ಟರು. ‘ಇನ್‌ಸ್ಟಾಲ್ ಮಾಡಲೇ? ಯೆಸ್ / ನೋ’ ಎಂದು ಪರದೆಯ ಮೇಲೊಂದು ವಿಂಡೋ ತೆರೆದು ಕೇಳಿತ್ತು. ವಿಜಯನಗರದ ಅವರ ಮನೆಯ ಕಂಪ್ಯೂಟರಿಗೆ ಯಾವುದೋ ಗುರುತಿಲ್ಲದ ಪ್ರೋಗ್ರಾಂ ಇಳಿಯತೊಡಗಿತು. ಮೊಮ್ಮಗಳ ನಾಮಕರಣದ ಫೋಟೊಗಳೆಲ್ಲ ಇದ್ದದ್ದು ಅದರಲ್ಲೇ. ಇಂಟರ್‌ನೆಟ್ ವೈರನ್ನು ಕಿತ್ತು ಹೇಗೋ ತಡೆದೆ.

“ವೈರಸ್ ಬರೋದೇ ಹೀಗೆ. ‘ನೋ’ ಒತ್ತೋಕೆ ಏನಾಗಿತ್ತು?”

“ದೀಪ ಹಚ್ಚೋ ಹೊತ್ತಲ್ಲಿ ಇಲ್ಲ ಅನ್ಬಾರ್ದು ಕಣೋ.”

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ನಾನು, ಸುಮ್ಮನಿರುತ್ತೇನೆಯೇ? “ಏನೂ ಅನ್ಬೇಡಿ, ಬಾಗಿಲು ಮುಚ್ಚಿದ ಹಾಗೆ ಆ ವಿಂಡೋ ಮುಚ್ಚಿಬಿಡಿ.”

“ಮುಸ್ಸಂಜೇಲಿ ಬಾಗಿಲು ಮುಚ್ಚಿದ್ರೆ ಲಕ್ಷ್ಮಿ ಎಲ್ಲಿಂದ ಬರ್ತಾಳೋ, ದಡ್ಡ?”

“ಸರಿ, ಲಕ್ಷ್ಮಿ ಬರೋ ಹೊತ್ತಲ್ಲಿ ಬಾಗಿಲಿಗೆ ಬೆನ್ನು ಹಾಕ್ಕೊಂಡು ಕಂಪ್ಯೂಟರ್ ಮುಂದೆ ಕೂರ್ಬಹುದಾ?”

ದೊಡ್ಡಮ್ಮ ತಟ್ಟನೆ ಎದ್ದರು.

ಫೋಟೊಗಳು ಉಳಿದವು, ಆಂಟಿವೈರಸ್ ಹಾಕಿಕೊಟ್ಟೆ. ಈಗ ಹೊತ್ತು ಮುಳುಗುವ ಮೊದಲೇ ಅಲ್ಲಿ ಕಂಪ್ಯೂಟರ್ ಆರುತ್ತದೆ. ಮೂಢನಂಬಿಕೆಯ ವಿರುದ್ಧ ಅಷ್ಟು ವೇದಿಕೆಗಳಲ್ಲಿ ಗುಡುಗಿದವನು ನಾನು, ಮನೆಯಲ್ಲಿ ಗೆದ್ದದ್ದು ಮಾತ್ರ ಅದರ ಪರವಾಗಿ ವಾದಿಸಿ.