ರಾಣಿಯ ನಡಿಗೆ

ನಾನು ದುಡಿಯುವ ಕೊಲ್ಲಿ ದೇಶದಲ್ಲಿ, ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಎದುರು ಮನೆಗೆ ಒಬ್ಬ ಹಿರಿಯ ಹೆಂಗಸು ಮಗಳ ಜೊತೆ ಇರಲು ಬಂದರು. ತಮ್ಮ ದೇಶದ ರಾಷ್ಟ್ರೀಯ ರಂಗಮಂದಿರದಲ್ಲಿ ನಟಿಯಾಗಿದ್ದವರು. ಯಾವ ದೇಶವೆಂದು ಎಲ್ಲೂ ಬಾಯಿಬಿಡಬೇಡ ಎಂದಿದ್ದಾರೆ, ಬಿಡುವುದಿಲ್ಲ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನನ್ನೊಡನೆ ಹರಟುತ್ತಿದ್ದರು. ಅರಸನ ಕಾಲದಲ್ಲಿ ಅವರದು ರಾಣಿಯ ಪಾತ್ರ. ಸೈನ್ಯದ ಆಳ್ವಿಕೆ ಬಂದಮೇಲೆ ಅದೇ ನಾಟಕದ ರಾಣಿಯನ್ನು ಕೆಟ್ಟವಳನ್ನಾಗಿ ಮಾಡಿದರಂತೆ. ಆಮೇಲೆ ಕಾರ್ಮಿಕರ ಪಕ್ಷದವರು ಅಧಿಕಾರಕ್ಕೆ ಬಂದು ಕಿರೀಟ ಕಿತ್ತು, ಕೂಲಿಯವಳ ಬಟ್ಟೆ ಉಡಿಸಿದರಂತೆ.

"ಮಾತು ಅವರವರದ್ದು. ನಡಿಗೆ ಮಾತ್ರ ನನ್ನದೇ" ಎಂದು ನಗುತ್ತಿದ್ದರು.

ನಾನೋ, ವಾರವಿಡೀ ಆಫೀಸಿನಲ್ಲಿ ಲೆಕ್ಕ ಬರೆಯುವವನು, ರಜೆಯ ಶುಕ್ರವಾರ ಯಕ್ಷಗಾನದ ಸ್ತ್ರೀವೇಷಧಾರಿ. ಇಂಥ ಕಲಾವಿದೆ ಸಿಕ್ಕರೆ ಬಿಡುತ್ತೇನೆಯೇ? ಊದ್ ಮೇಥಾದ ಶಾಲೆಯೊಂದರಲ್ಲಿ ನಮ್ಮ ಆಟವಿದ್ದಾಗ ಕರೆದೊಯ್ದು ಮುಂದಿನ ಸಾಲಿನಲ್ಲೇ ಕೂರಿಸಿದೆ. ನನ್ನ ವೇಷ ಏನೆಂದು ಹೇಳಿರಲಿಲ್ಲ. ನೋಡಿ ಬೆರಗಾಗಲಿ ಎಂಬ ಚಪಲ.

ರಾಣಿಯಾಗಿ ರಂಗಕ್ಕೆ ಬಂದೆ. ಜನ ಶಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಅವರಿಗೆ ನನ್ನ ಗುರುತು ಸಿಕ್ಕಿದ್ದು ಕಾಣಿಸಿತು. ಮರುಕ್ಷಣವೇ ದುಪಟ್ಟಾವನ್ನು ಬಾಯಿಗೊತ್ತಿಕೊಂಡು ಎದ್ದು ಹೊರಟೇಹೋದರು. ನನ್ನ ಹೆಜ್ಜೆ ತಪ್ಪಿತು. ಭಾಗವತರು ಪದ್ಯವನ್ನು ಮತ್ತೊಮ್ಮೆ ಎತ್ತಿಕೊಳ್ಳಬೇಕಾಯಿತು.

ಮರುದಿನ ಕ್ಷಮೆ ಕೇಳಲು ಹೋದೆ. "ನಿನ್ನ ತಪ್ಪಲ್ಲ ಬೇಟಾ" ಎಂದು ಕೂರಿಸಿ ಹೇಳಿದರು. ಪಕ್ಷದವರ ನಂತರ ಬಂದ ಸರ್ಕಾರ, ಹೆಂಗಸರು ರಂಗ ಹತ್ತಕೂಡದು ಎಂದಿತಂತೆ. ರಾಣಿಗೆ ಕಿರೀಟ ಮರಳಿ ಬಂತು, ಆದರೆ ಪಾತ್ರ ಗಂಡಸಿಗೆ ಹೋಯಿತು. ಅವನಿಗೆ ನಡಿಗೆ ಕಲಿಸಲು ಕರೆಸಿದ್ದು ಇವರನ್ನೇ. ಕಲಿಸಿದರು. ನಾಟಕದ ದಿನ ಇವರನ್ನು ಒಳಗೇ ಬಿಡಲಿಲ್ಲ. ಬೀದಿಯಲ್ಲಿ ನಿಂತು ಚಪ್ಪಾಳೆ ಕೇಳಿಸಿಕೊಂಡರಂತೆ.

ಥೂ, ಎಂಥ ಜನ ಎಂದು ನನಗೆ ಮೈಯೆಲ್ಲ ಉರಿದುಹೋಯಿತು.

"ನಮ್ಮಲ್ಲಿ ಹಾಗಲ್ಲ. ಗಂಡಸರು ಸ್ತ್ರೀವೇಷ ಹಾಕುವುದು ಹಿಂದಿನಿಂದ ಬಂದದ್ದು, ಸರ್ಕಾರದ ಅಪ್ಪಣೆಯಲ್ಲ. ಈಗೀಗ ಹೆಣ್ಣುಮಕ್ಕಳೂ ವೇಷ ಮಾಡುತ್ತಾರೆ" ಎಂದೆ.

"ನಿನಗೆ ಈ ನಡಿಗೆ ಯಾರು ಕಲಿಸಿದ್ದು?"

"ಅಮ್ಮನನ್ನು ನೋಡಿ ನಾನೇ ಕಲಿತೆ."

"ಅವರಿಗೆ ರಂಗ ಹತ್ತುವ ಆಸೆ ಇರಲಿಲ್ಲವಾ?"

ಇಷ್ಟು ವರ್ಷ ವೇಷ ಮಾಡಿದ್ದೇನೆ, ಅದೊಂದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಸಂಜೆಯೇ ಊರಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಈಗ ಕೇಳುದಾ ಮಗ?" ಎಂದರು. "ಮದುವೆ ಆದ ಹೊಸತ್ರಲ್ಲಿ ಒಂದ್ಸಲ ಕನ್ನಡಿ ಎದುರು ಕುಣಿದು ನೋಡಿದ್ದೆ. ನಿನ್ನಪ್ಪ ಬಂದು ಕನ್ನಡಿಯನ್ನೇ ಒಡೆದುಹಾಕಿದ್ರು."