ಆಂಟೋನ ಅಂಗೈ ಗುರುತು

ಫಿಲೋಮಿನಾ, ಪಳ್ಳಿಯ ಒಳಗೋಡೆಯಲ್ಲಿ ನಿನ್ನ ತಮ್ಮ ಆಂಟೋನದೆಂದು ನೀವೆಲ್ಲ ನಂಬಿರುವ ಅಂಗೈ ಗುರುತು ಅವನದಲ್ಲ. ಅದನ್ನು ಮಾಡಿದವನು ನಾನು. ಅವನ ನಿಜವಾದ ಗುರುತನ್ನು ಒಡೆದು ಹಾಕಿದವನೂ ನಾನೇ.

ಇಷ್ಟು ಬರೆಯಲು ನಲವತ್ತು ವರ್ಷ ಬೇಕಾಯಿತು. ಬರೆದರೆ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ — ಏನೂ ಆಗಲಿಲ್ಲ. ಎದ್ದು ನೀರು ಕುಡಿದು ಬಂದು ಮತ್ತೆ ಕೂತಿದ್ದೇನೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಇದನ್ನು ನಡುಗಡ್ಡೆಯ ಒಂಬತ್ತು ಮನೆಯವರ ಮುಂದೆ ನೀನೇ ಓದಬೇಕು. ಕಿರಿಯರಿಗೂ ತಿಳಿಯಲೆಂದು ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ.

ಆಗ ವಯನಾಡು ಬೇರೆ ಜಿಲ್ಲೆಯಾಗಿ ಎರಡೋ ಮೂರೋ ವರ್ಷ. ಕಾಗದಪತ್ರಕ್ಕೆ ಘಾಟಿ ಇಳಿದು ಕೋಝಿಕ್ಕೋಡಿಗೆ ಹೋಗುವುದು ತಪ್ಪಿ, ಕಲ್ಪೆಟ್ಟಕ್ಕೆ ಹೋದರೆ ಸಾಕು ಎಂದು ಜನ ಖುಷಿಪಡುತ್ತಿದ್ದ ಕಾಲ. ಪಳ್ಳಿ ಅನ್ನಿ ಚರ್ಚು ಅನ್ನಿ, ಅದು ಯಾವ ಬಿಷಪ್ಪರಿಗೂ ಸೇರಿದ್ದಲ್ಲ, ನಿಮ್ಮದೇ. ಕೊಳ್ಳೇಗಾಲದ ಕಡೆಯಿಂದ ಬಂದ ನಿಮ್ಮ ಹಿರಿಯರು ಕಬಿನಿಯ ನಡುಗಡ್ಡೆಗೆ ಕಲ್ಲು ಸಾಗಿಸಿ ಕಟ್ಟಿದ್ದು. ಮಗುವಿಗೆ ಜ್ಞಾನಸ್ನಾನವಾದ ದಿನ ಅದರ ಅಂಗೈಗೆ ಎಣ್ಣೆ ಸವರಿ ಒಳಗೋಡೆಯ ಹಸಿ ಗಾರೆಗೆ ಒತ್ತಿಸುವ ಪದ್ಧತಿ ನಿಮ್ಮಲ್ಲಲ್ಲದೆ ಬೇರೆಲ್ಲೂ ನಾನು ಕಂಡಿಲ್ಲ. ಹಾಗೆ ಗುರುತು ಮೂಡಿದವರಿಗೆಲ್ಲ ಪಳ್ಳಿಯಲ್ಲಿ ಹಕ್ಕು. ವರ್ಷ ವರ್ಷ ಸುಣ್ಣ ಬಳಿದು ಅದು ಮುಚ್ಚಿಹೋಗುತ್ತದೆ. ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ, ತಡಕಿದರೆ ಜಾಗ ಗೊತ್ತಿರುವ ಮನೆಯವರಿಗೆ ಮಾತ್ರ ಸಿಗುತ್ತದೆ.

ಆಂಟೋ ನಾಲ್ಕನೇ ವಯಸ್ಸಿನಲ್ಲಿ ಹೊಳೆಪಾಲಾದ. ಹುಡುಕಿ ಹುಡುಕಿ ಸೋತರು, ದೇಹ ಸಿಗಲಿಲ್ಲ. ಸಮಾಧಿಯಿಲ್ಲ, ಒಂದು ಫೋಟೋ ಇಲ್ಲ. ನಿನ್ನ ಅಮ್ಮ ರೋಸಕ್ಕನಿಗೆ ಉಳಿದದ್ದು ಗೋಡೆಯ ಆ ಗುರುತೊಂದೇ.

ನನ್ನನ್ನು ಪಳ್ಳಿಯ ಜೀರ್ಣೋದ್ಧಾರಕ್ಕೆ ಕರೆದದ್ದು ಅದಾಗಿ ಎರಡು ವರ್ಷದ ಮೇಲೆ. ಹೊಳೆಯ ದಡದ ಪೆರಿಕಲ್ಲೂರಿನಲ್ಲಿ ಗಾರೆ ಕೆಲಸದವನು ಎಂದರೆ ನಾನು. ಎಲ್ಲರೂ ಸಿಮೆಂಟಿಗೆ ಬಿದ್ದಿದ್ದಾಗ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಸುಣ್ಣ ಹದಮಾಡಬಲ್ಲವನು ನಾನೊಬ್ಬನೇ ಎಂಬ ಜಂಬ ತಲೆಗೇರಿತ್ತು. ಒಂದು ದಿನ ರೋಸಕ್ಕ ಕಂಬಳಿ ಹೊದ್ದುಕೊಂಡು ಪಳ್ಳಿಯ ಬಾಗಿಲಿಗೆ ಬಂದರು.

“ಆಂಟೋ ಕೈ ಇರೋ ಆ ಮೂಲೆ ಮಾತ್ರ ನಾ ಬಂದು ತೋರ್ಸೋ ತನ್ಕ ಮುಟ್ಬೇಡ ಮೇಸ್ತ್ರಿ. ನಂಗೆ ಪನಿ, ಮೈ ಸುಡ್ತಿದೆ, ನಿಲ್ಲಕ್ಕಾಗ್ತಿಲ್ಲ. ಎರಡು ದಿವ್ಸ ತಡ್ಕೋ.”

ಆಯ್ತಕ್ಕ ಎಂದೆ. ಮಾರನೆಯ ದಿನವೇ ಮೋಡ ಕಟ್ಟಿತು. ಹೊಳೆ ಏರಿದರೆ ತೋಣಿ ನಿಲ್ಲುತ್ತದೆ, ಗಾರೆ ಒಣಗುವುದಿಲ್ಲ — ಇವೆಲ್ಲ ನಿಜ, ಆದರೆ ಕಾರಣ ಇವಲ್ಲ. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದೆ, ಪೊಳ್ಳು ಸದ್ದು ಬಂತು. ಪೊಳ್ಳು ಗಾರೆಯನ್ನು ಹಾಗೇ ಬಿಡುವುದು ನಮ್ಮ ಕೆಲಸದಲ್ಲಿ ಅವಮಾನ. ಹೆಂಗಸೊಬ್ಬರ ಮಾತಿಗೆ ನಾನು ಯಾಕೆ ಕಾಯಬೇಕು ಅನ್ನಿಸಿತು. ಉಳಿ ಇಟ್ಟು ಹೊಡೆದೆ. ಮೊಳದಗಲ ಗಾರೆ ಒಮ್ಮೆಗೇ ಕಳಚಿ ನೆಲಕ್ಕೆ ಬಿದ್ದು ಚೂರಾಯಿತು. ಒಂದು ಚೂರಿನಲ್ಲಿ ಸಣ್ಣ ಅಂಗೈಯ ಬುಡ ಇತ್ತು.

ಆಗಲೇ ಓಡಿಹೋಗಿ ಹೇಳಬಹುದಿತ್ತು. ಚೂರುಗಳನ್ನು ಜೋಡಿಸಿ ಕೊಡಬಹುದಿತ್ತು — ನಾನು ಅವನ್ನು ಕುಟ್ಟಿ ಪುಡಿಮಾಡಿದೆ. ಹಳೆಯ ಗಾರೆಯ ಪುಡಿಯನ್ನು ಹೊಸದಕ್ಕೆ ಕಲಸುವುದು ನಮ್ಮ ರೂಢಿಯೇ. ಹಾಗಾಗಿ ಅದು ಗೋಡೆಯಲ್ಲೇ ಇದೆಯಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಅವತ್ತು ಕುಟ್ಟಿದ್ದು ಯಾರ ಕಣ್ಣಿಗೂ ಬೀಳದಿರಲಿ ಎಂದು.

ಗಾರೆ ಬಿದ್ದ ಜಾಗದ ಪಕ್ಕ ತಡಕಿದಾಗ ನಿನ್ನ ಗುರುತು ಕೈಗೆ ಸಿಕ್ಕಿತು, ಅದಕ್ಕೆ ಏನೂ ಆಗಿರಲಿಲ್ಲ. ಅದರ ಅಳತೆ ನೋಡಿಕೊಂಡು, ಹಸಿ ಗಾರೆಯಲ್ಲಿ ನನ್ನ ಕಿರುಬೆರಳಿನ ತುದಿಯಿಂದ ಐದು ಬೆರಳು ಒತ್ತಿದೆ. ಹೆಬ್ಬೆರಳಿನ ಬುಡದಿಂದ ಅಂಗೈ ಮಾಡಿದೆ. ಬಿದಿರು ಕಡ್ಡಿಯಿಂದ ಅಂಚು ತಿದ್ದಿ, ಆರಿದ ಮೇಲೆ ಮೂರು ಸಲ ಸುಣ್ಣ ಬಳಿದೆ. ಚೆನ್ನಾಗಿ ಬಂತು. ಚೆನ್ನಾಗಿ ಬಂತೆಂದು ಸಂತೋಷವೂ ಆಯಿತು, ಇದನ್ನೂ ಮುಚ್ಚಿಡುವುದಿಲ್ಲ.

ರೋಸಕ್ಕನ ಜ್ವರ ಎರಡು ದಿನಕ್ಕೆ ಬಿಡಲಿಲ್ಲ, ಒಂದು ವಾರ ಹಿಡಿಯಿತು. ಆಮೇಲೆ ಅವರು ಒಬ್ಬರೇ ಬಂದರು. ಗೋಡೆಗೆ ಮುಖ ಮಾಡಿ ನಿಂತು ಒಂದೊಂದೇ ಬೆರಳು ಸವರಿದರು. ಕೊನೆಯ ಎರಡರ ಮೇಲೆ ತುಂಬ ಹೊತ್ತು ಕೈಯಿಟ್ಟರು.

“ಇದು ಆಂಟೋಂದಾ ಮೇಸ್ತ್ರಿ?”

“ಹೌದಕ್ಕ, ಆಂಟೋಂದೇ. ಸುತ್ತ ಮಾತ್ರ ಕೆತ್ತಿದ್ದು. ಇದನ್ನ ಮುಟ್ಟಿಲ್ಲ.”

ಅವರು ತಿರುಗಿ ನನ್ನ ಮುಖವನ್ನೇ ನೋಡಿದರು. “ಆಯ್ತು. ಗಂಜಿ ಕುಡ್ದು ಹೋಗು” ಎಂದರು. ನಾನು ಹೋಗಿ ನಿಮ್ಮ ಮನೆಯಲ್ಲಿ ಕೂತು ಗಂಜಿ ಕುಡಿದೆ, ಇನ್ನೊಂದು ಸಲ ಬಡಿಸಿಕೊಂಡೂ ಕುಡಿದೆ. ರೋಸಕ್ಕನ ಕಣ್ಣಿಗೆ ಮಣ್ಣೆರಚಿದೆ ಎಂದೇ ಅವತ್ತಿನಿಂದ ನಂಬಿದ್ದೆ.

ಹೋದ ತಿಂಗಳು ನೀನು ನಮ್ಮ ಮನೆಗೆ ಬಂದೆಯಲ್ಲ. ಪಳ್ಳಿಯ ಗೋಡೆ ಮತ್ತೆ ತೇವ ಹಿಡಿದಿದೆ, ಮೇಸ್ತ್ರಿ ಮಾಮ ಕೂತುಕೊಂಡು ಹೇಳಿಕೊಟ್ಟರೆ ಸಾಕು, ಆಂಟೋನ ಗುರುತು ಮಾತ್ರ ಉಳಿಯಬೇಕು ಎಂದೆ. ಆಮೇಲೆ ಚಹಾ ಕುಡಿಯುತ್ತಾ ನಗುನಗುತ್ತಲೇ ಹೇಳಿದೆ.

“ಅಮ್ಮಂಗೆ ಕಡೇ ಕಾಲ್ದಲ್ಲಿ ಅದೊಂದೇ ಮಾತು ಮಾಮ. ಆಂಟೋ ಎರಡು ಬೆರಳು ಮಡ್ಚಿಕೊಂಡು ಅತ್ತಿದ್ದ, ಬಿಡಿಸಕ್ಕೇ ಆಗ್ಲಿಲ್ಲ, ಗೋಡೇಲಿ ಮೂರೇ ಮೂಡಿತ್ತು ಅಂತ. ನಾ ಕೈ ಹಿಡ್ದು ಕರ್ಕೊಂಡು ಹೋಗಿ ಐದೂ ಎಣ್ಸಿ ತೋರ್ಸ್ತಿದ್ದೆ. ಬೇಡ ಅಂತ ಕೈ ಎಳ್ಕೊಳ್ಳೋರು. ಮರೆವು, ಪಾಪ.”

ನಾನು ಹೂಂ ಎಂದೆ. ನೀನು ಹೋದ ಮೇಲೆ ನಿನ್ನ ಲೋಟ ತೊಳೆದಿಟ್ಟೆ. ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ. ಸಾಯುವ ತನಕ ಆ ಹೆಂಗಸು ಗೊತ್ತಿದ್ದೂ — ಯಾಕೆ ಯಾರಿಗೂ ನನ್ನ ಹೆಸರು ಹೇಳಲಿಲ್ಲವೋ ನನಗೆ ತಿಳಿಯದು. ಕೇಳಲು ಈಗ ಅವರಿಲ್ಲ. ಇದ್ದಾಗಲೂ ನಾನು ಆ ಮೂಲೆಯ ಕಡೆ ಹೋಗುತ್ತಿರಲಿಲ್ಲ.

ನೀವು ಒಪ್ಪಿದರೆ ಸೋಮವಾರ ತೋಣಿ ಹತ್ತಿ ಬರುತ್ತೇನೆ. ನಿಮ್ಮೆಲ್ಲರ ಎದುರಿಗೆ ನನ್ನ ಕೈಯಾರೆ ಅದನ್ನು ಕೆತ್ತಿ ತೆಗೆಯುತ್ತೇನೆ, ಬೇರೆ ಗುರುತು ಮಾಡುವುದಿಲ್ಲ. ನಡುಗಡ್ಡೆಗೆ ಕಾಲಿಡಬೇಡ ಎಂದರೆ ಇಡುವುದಿಲ್ಲ. ನಿನ್ನಲ್ಲಿ ಕ್ಷಮೆ ಕೇಳುತ್ತಿಲ್ಲ. ನೀನು ಅಮ್ಮನಿಗೆ ಮತ್ತೆ ಮತ್ತೆ ಎಣಿಸಿ ತೋರಿಸಿದ್ದು ನಿನ್ನದೇ ಬೆರಳುಗಳ ನಕಲು. ರೋಸಕ್ಕನಿಗೆ ಯಾವ ಮರೆವೂ ಇರಲಿಲ್ಲ, ಫಿಲೋಮಿನಾ. ಮೂರೇ ಬೆರಳು.